ಕಂಚುಗಾರರ ಕೇರಿಯಲ್ಲಿ ಡಂಗುರ

ನಿಡುಗಟ್ಟೆಯ ದೊರೆ ಬೈಚರಸನಿಗೆ ತನ್ನ ನ್ಯಾಯದ ಬಗ್ಗೆ ಭಾರಿ ಹೆಮ್ಮೆ. ಹೆಮ್ಮೆ ಇರಲಿ, ಅಷ್ಟೂ ಇಲ್ಲದಿದ್ದರೆ ದೊರೆಗಳಿಗೆ ಹೊತ್ತು ಹೋಗುವುದು ಹೇಗೆ? ಆದರೆ ಈತ ಅದನ್ನು ದಿನಕ್ಕೆ ಮೂರು ಹೊತ್ತು ಆಸ್ಥಾನದವರಿಗೆಲ್ಲ ಬಡಿಸುತ್ತಿದ್ದ.

"ನನ್ನ ಸೀಮೆಯಲ್ಲಿ ಕರೆ ಕಳಿಸದೆ ಯಾರನ್ನೂ ಸೋಲಿಸಿದ್ದಿಲ್ಲ. ಬಾಗಿಲಲ್ಲಿ ಮೂರು ಸಲ ಡಂಗುರ! ಮೂರು ದಿನದೊಳಗೆ ಬಂದರೆ ವಿಚಾರಣೆ, ಬಾರದಿದ್ದರೆ ಸೋಲು. ಡಂಗುರ ಕೇಳಿಸಲಿಲ್ಲ ಅಂತ ಇದುವರೆಗೆ ಒಬ್ಬನಾದರೂ ಅಂದದ್ದುಂಟೇ?"

"ಒಬ್ಬ ಬಂದಿದ್ದಾನೆ ಪ್ರಭು, ಹೊರಗೆ ನಿಂತಿದ್ದಾನೆ," ಎಂದ ಕುಪ್ಪಣ್ಣ. ಈ ಕುಪ್ಪಣ್ಣ ಹೆಸರಿಗೆ ವಿದೂಷಕ. ಮಂತ್ರಿಗಳಿಗೆ ಹೊಳೆಯದ್ದೆಲ್ಲ ಇವನಿಗೇ ಹೊಳೆಯುವುದು.

ಒಳಗೆ ಬಂದವನು ಕಂಚುಗಾರ ಕಾಳಾಚಾರಿ. ಮೈಯೆಲ್ಲ ಮಸಿ. ಬಂದವನೇ ಕೈಮುಗಿದ.

"ಬುದ್ಧೀ, ನನ್ನ ಕುಲುಮೆಮನೆ ಹೋಯ್ತು. ದಳವಾಯಿಗಳ ಭಾವಮೈದ ವೀರರಾಜಯ್ಯನೋರು ಅದು ತಮ್ಮ ಜಾಗ ಅಂತ ದೂರು ಕೊಟ್ಟಿದ್ರಂತೆ. ನಾನು ಬರಲಿಲ್ಲ ಅಂತ ತೀರ್ಪೂ ಆಯ್ತಂತೆ. ನಂಗೆ ಗೊತ್ತಾಗಿದ್ದು ನಿನ್ನೆ, ಅವರ ಆಳುಗಳು ಕುದುರೆ ಕಟ್ಟೋ ಗೂಟ ತಂದಾಗ! ಸೋಮವಾರ ಖಾಲಿ ಮಾಡ್ಬೇಕಂತೆ. ಮೂರು ತಲೆಮಾರಿನ ಕುಲುಮೆ, ಹನ್ನೊಂದು ಮನೆ ಅದರ ಅನ್ನ ತಿಂತೀವಿ."

ದೊರೆ ಡಂಗುರದ ತಿಮ್ಮನನ್ನು ಕರೆಸಿದ.

"ಬಾರಿಸ್ದೆ ಬುದ್ಧೀ, ಮಾರಮ್ಮನಾಣೆ," ಎಂದ ತಿಮ್ಮ. "ಅವನ ಬಾಗಿಲಲ್ಲೇ ಮೂರು ಸಲ. ನಡು ಮಧ್ಯಾಹ್ನ. ಆ ಹೊತ್ತಿಗೇ ಹೋಗು ಅಂತ ವೀರರಾಜಯ್ಯನೋರು ಹೇಳಿದ್ರು."

"ಒಳಗಿನವರು ಏನಂದರು?" ಎಂದು ಕುಪ್ಪಣ್ಣ ಕೇಳಿದ.

"ಏನೂ ಅನ್ನಲಿಲ್ಲ. ತಲೆ ಬಗ್ಗಿಸ್ಕೊಂಡು ಕೊಪ್ಪರಿಗೆ ಬಡೀತಿದ್ರು."

ಆಸ್ಥಾನದಲ್ಲೇ ಕೂತಿದ್ದ ವೀರರಾಜಯ್ಯ ಮೀಸೆಯ ಮೇಲೆ ಕೈಯಾಡಿಸಿದ. "ಡಂಗುರ ಬಿದ್ದಿದೆಯಲ್ಲ ಪ್ರಭು? ಕಟ್ಟಳೆ ಕೇಳುವುದು ಅಷ್ಟೇ."

"ನಿಜ," ಎಂದ ದೊರೆ. "ಕಾಳಾಚಾರಿ, ಬಾಗಿಲಲ್ಲೇ ಬಾರಿಸಿದ್ದು ಕೇಳಿಸಲಿಲ್ಲ ಅಂದರೆ ನಂಬುವುದು ಹೇಗಯ್ಯಾ? ಎಂಥ ಗದ್ದಲದಲ್ಲೂ ನನಗೆ ಒಂದಕ್ಷರ ತಪ್ಪುವುದಿಲ್ಲ. ತೀರ್ಪು ತೀರ್ಪೇ."

ಕಾಳಾಚಾರಿಯ ಕಣ್ಣು ತುಂಬಿಬಂತು. ಕುಪ್ಪಣ್ಣ ಮಾತ್ರ ಅವನ ಪರ ಒಂದು ಮಾತೂ ಆಡಲಿಲ್ಲ.

"ಪ್ರಭುಗಳ ಕಿವಿಯೇ ಕಿವಿ," ಎಂದು ಕೈಮುಗಿದ. "ಆದರೆ ದೇವಸ್ಥಾನದ ದಾಸೋಹಕ್ಕೆಂದು ಇವನ ಕುಲುಮೆಯಲ್ಲೊಂದು ಕೊಪ್ಪರಿಗೆ ಏಳುತ್ತಿದೆ. ಆಳೆತ್ತರ! ಸೋಮವಾರದೊಳಗೆ ಒಮ್ಮೆ ನೋಡಿಬನ್ನಿ. ಆಮೇಲೆ ಅಲ್ಲಿ ನೋಡಲು ಸಿಗುವುದು ಕುದುರೆ ಲದ್ದಿ ಮಾತ್ರ."

ಮರುದಿನ ನಡು ಮಧ್ಯಾಹ್ನ ದೊರೆ ಕಂಚುಗಾರರ ಕೇರಿಗೆ ಬಂದ. ಜೊತೆಗೆ ವೀರರಾಜಯ್ಯ, ಶಾನುಭೋಗ, ಕುಪ್ಪಣ್ಣ. ಕುಲುಮೆಯಲ್ಲಿ ಹನ್ನೊಂದು ಸುತ್ತಿಗೆಗಳು ಬಿಡುವಿಲ್ಲದೆ ತಾಮ್ರದ ಮೇಲೆ ಬೀಳುತ್ತಿದ್ದವು. ತಲೆಯೊಳಗೇ ಯಾರೋ ಒನಕೆ ಹಾಕಿ ಕುಟ್ಟಿದಂತಾಯಿತು ದೊರೆಗೆ.

ಕುಪ್ಪಣ್ಣ ಎದುರಿಗೆ ಬಂದು ಏನೋ ಹೇಳಿದ. ಬಾಯಿ ಆಡುವುದು ಕಂಡಿತೇ ಹೊರತು ಮಾತು ಕಿವಿಗೆ ಬೀಳಲಿಲ್ಲ. ಏನಂದೆ ಎಂದು ಕೇಳೋಣವೆಂದರೆ ನಿನ್ನೆ ತುಂಬಿದ ಆಸ್ಥಾನದಲ್ಲಿ ಕೊಚ್ಚಿಕೊಂಡದ್ದು ನೆನಪಾಯಿತು. ಕೊಪ್ಪರಿಗೆಯನ್ನು ಹೊಗಳುತ್ತಿರಬೇಕು ಎಂದುಕೊಂಡು ಗಂಭೀರವಾಗಿ ತಲೆಯಾಡಿಸಿದ. ಕುಪ್ಪಣ್ಣ ಮತ್ತೆ ಬಾಯಿ ತೆರೆದ. ದೊರೆ ಮತ್ತೆ ತಲೆಯಾಡಿಸಿದ. ಮೂರನೆಯ ಸಲ ಬರೀ ತಲೆಯಾಡಿಸಿದರೆ ಚೆನ್ನಾಗಿರುವುದಿಲ್ಲವೆಂದು "ಭೇಷ್!" ಎಂದೂ ಅಂದ. ಅದು ಅವನಿಗೇ ಕೇಳಿಸಲಿಲ್ಲ.

ಕುಪ್ಪಣ್ಣ ಕೈಯೆತ್ತಿದ. ಸುತ್ತಿಗೆಗಳು ನಿಂತವು.

ದೊರೆ ಉಸ್ಸೆಂದು ಹಿಂದೆ ತಿರುಗಿದರೆ, ಎರಡು ಮಾರು ದೂರದಲ್ಲಿ ತಿಮ್ಮ ಡಂಗುರ ಹಿಡಿದು ಬೆವರೊರೆಸಿಕೊಳ್ಳುತ್ತಿದ್ದ.

"ನೀನು ಯಾವಾಗ ಬಂದೆಯೋ?"

"ಆಗ್ಲೇ ಬಂದೆ ಬುದ್ಧೀ. ತಮ್ಮ ಬೆನ್ನ ಹಿಂದೇನೇ ಮೂರು ಸಲ ಬಾರಿಸ್ದೆ."

"ಯಾಕೆ?"

ಶಾನುಭೋಗ ಎರಡು ಸಲ ಕೆಮ್ಮಿ, ಕುಪ್ಪಣ್ಣ ಮೊದಲೇ ಹೇಳಿಟ್ಟಂತೆ ಬರೆದುಕೊಂಡದ್ದನ್ನು ಓದಿದ. "ನಿಡುಗಟ್ಟೆಯ ಸಿಂಹಾಸನ ಕುಪ್ಪಣ್ಣನದು, ತಕರಾರಿದ್ದರೆ ಈಗಲೇ ಹೇಳತಕ್ಕದ್ದು ಎಂದು ಮೂರು ಸಲ ಡಂಗುರ ಹಾಕಿ, ಎದುರಿಗೇ ಮೂರು ಸಲ ಸಾರಲಾಯಿತು. ಪ್ರಭುಗಳು ತಕರಾರು ಹೇಳಲಿಲ್ಲ. ಮೂರು ಸಲವೂ ತಲೆಯಾಡಿಸಿದರು. ಕೊನೆಯಲ್ಲಿ ಭೇಷ್ ಎಂದಂತೆ ತುಟಿ ಆಡಿತು."

"ಕುಪ್ಪಣ್ಣಾ! ತಲೆ ನೆಟ್ಟಗಿದೆಯೇನೋ?"

"ಇದೆ ಪ್ರಭು. ಕಿರೀಟಕ್ಕೆ ಅಳತೆ ಕೊಡಬೇಕಲ್ಲ! ಈಗ ತಮ್ಮ ಬಾಯಿಂದ ಒಂದೇ ಮಾತು ಬೇಕು. ಡಂಗುರ ಕೇಳಿಸಿತು ಅಂದರೆ ಸಿಂಹಾಸನ ನನ್ನದು. ಕೇಳಿಸಲಿಲ್ಲ ಅಂದರೆ, ಇದೇ ಬಾಗಿಲಲ್ಲಿ ಇದೇ ಹೊತ್ತಿನಲ್ಲಿ ಕಾಳಾಚಾರಿಗೂ ಕೇಳಿಸಿರಲಿಲ್ಲ."

ದೊರೆ ಡಂಗುರ ನೋಡಿದ, ಸುತ್ತಿಗೆಗಳನ್ನು ನೋಡಿದ. ವೀರರಾಜಯ್ಯ ತನ್ನ ಕಾಲ್ಬೆರಳುಗಳನ್ನು ಎಣಿಸುತ್ತಿದ್ದ. ಕಾಳಾಚಾರಿ ಸುತ್ತಿಗೆಯನ್ನು ಎದೆಗೊತ್ತಿಕೊಂಡು ನಿಂತಿದ್ದ. ದೊರೆಗೆ ಹೆಮ್ಮೆ ಗಂಟಲಲ್ಲಿ ಸಿಕ್ಕಿಕೊಂಡಿತು. ಉಗುಳು ನುಂಗಿ ಅದನ್ನು ಇಳಿಸಿದ.

"ಕೇಳಿಸಲಿಲ್ಲ! ಒಂದಕ್ಷರವೂ ಕೇಳಿಸಲಿಲ್ಲ ಕಣಯ್ಯಾ!" ಎಂದವನಿಗೆ ತಡೆಯಲಾರದ ನಗು ಬಂತು. ಕೇರಿಗೆ ಕೇರಿಯೇ ನಕ್ಕಿತು.

ಹಳೆಯ ತೀರ್ಪು ಅಲ್ಲೇ ರದ್ದಾಯಿತು. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಹೊಸ ವಿಚಾರಣೆಯೂ ಅಲ್ಲೇ ನಡೆಯಿತು. ಕಾಳಾಚಾರಿ ಅಟ್ಟದಿಂದ ತಾಮ್ರಶಾಸನ ಇಳಿಸಿದ. ಜಾಗ ಕೊಟ್ಟವನು ಬೈಚರಸನ ಅಜ್ಜನೇ! ನಿನ್ನದೇನಯ್ಯಾ ಆಧಾರ ಎಂದರೆ, ವೀರರಾಜಯ್ಯ ಕುದುರೆಗೆ ನೀರು ಕುಡಿಸಬೇಕು ಎಂದು ಹೋದವನು ತಿರುಗಿ ಬರಲಿಲ್ಲ. ಇನ್ನು ಮೇಲೆ ಡಂಗುರದವನು ಆಸಾಮಿಯನ್ನು ಹೊರಗೆ ಕರೆದು, ಕೇಳಿಸಿತು ಎಂದು ಅವನ ಬಾಯಲ್ಲೇ ಹೇಳಿಸಿಕೊಂಡು ಬರಬೇಕೆಂದು ಕಟ್ಟಳೆಯಾಯಿತು.

ಕಾಳಾಚಾರಿ ಕಣ್ಣೊರೆಸಿಕೊಂಡು ಸುತ್ತಿಗೆ ಎತ್ತಿದ.

"ತಾಳಯ್ಯಾ, ನಾನು ಹೋಗುವವರೆಗೆ!" ಎಂದು ದೊರೆ ಹೊರಟ.

ದಾರಿಯಲ್ಲಿ ಕೇಳಿದ. "ಅಲ್ಲವೋ ಕುಪ್ಪಣ್ಣ, ನಿಜ ಹೇಳು. ನಾನು ಹಟಕ್ಕೆ ಬಿದ್ದು ಕೇಳಿಸಿತು ಅಂದುಬಿಟ್ಟಿದ್ದರೆ, ನೀನು ಸಿಂಹಾಸನದ ಮೇಲೆ ಕೂತುಬಿಡುತ್ತಿದ್ದೆಯಾ?"

"ಅಯ್ಯೋ, ಬೇಡಪ್ಪಾ ಬೇಡ ಪ್ರಭು," ಎಂದ ಕುಪ್ಪಣ್ಣ. "ಅದರ ಮೇಲೆ ಕೂತವರಿಗೆ ದಿನೇ ದಿನೇ ಕಿವಿ ಮಂದವಾಗುತ್ತದೆ. ನನ್ನವು ಇನ್ನೂ ಚೆನ್ನಾಗಿವೆ."

ದೊರೆ ನಡುಬೀದಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತನ್ನ ಎರಡೂ ಕಿವಿಯ ಚಿನ್ನದ ಕಡಕುಗಳನ್ನು ಬಿಚ್ಚಿ ಕುಪ್ಪಣ್ಣನ ಕೈಗಿಟ್ಟ.

"ತಗೊಳ್ಳೋ. ಇವು ಕೇಳುವ ಕಿವಿಯಲ್ಲಿರಲಿ."