ಕೂರಲು ಕಲಿತ ಸೊಂಡಿಲಿ

ಹೊಟ್ಟೆಪಾಡಿಗಾಗಿ ಹಗಲಿರುಳು ಓಡುತ್ತಿದ್ದ ಸೊಂಡಿಲಿಯೊಂದು ಒಂದು ದಿನ ಅವಸರದಲ್ಲಿ ಬಿಲಕ್ಕೆ ನುಗ್ಗಿ, ತನ್ನದೇ ಮರಿಗಳಲ್ಲೊಂದನ್ನು ತುಳಿದು ಕೊಂದಿತು. ಅಂದಿನಿಂದ ಅದಕ್ಕೆ ನಿದ್ದೆ ಹತ್ತಲಿಲ್ಲ. ಬಾವಿಕಟ್ಟೆಯ ಕಪ್ಪೆಯ ಬಳಿ ಹೋಗಿ, "ಕಪ್ಪೆಯಣ್ಣ, ನಿನ್ನಂತೆ ಸುಮ್ಮನೆ ಕೂರುವುದನ್ನು ನನಗೂ ಕಲಿಸು" ಎಂದು ಬೇಡಿತು.

"ಕಣ್ಣು ಮುಚ್ಚಿ ಉಸಿರನ್ನಷ್ಟೇ ಗಮನಿಸು, ತಂಗಿ" ಎಂದಿತು ಕಪ್ಪೆ.

ಸೊಂಡಿಲಿ ಕೂತಿತು. ಮರುಕ್ಷಣವೇ ಚೀರುತ್ತ ಎದ್ದಿತು. "ಮರಿಯ ಕೂಗು ಕೇಳಿಸುತ್ತದೆ! ಓಡುವಾಗ ಇಷ್ಟು ನೋವಿರಲಿಲ್ಲ."

"ಆಗಲೂ ಇತ್ತು. ನಿನ್ನ ಕಾಲ ಸಪ್ಪಳದಲ್ಲಿ ಕೇಳಿಸಲಿಲ್ಲ, ಅಷ್ಟೆ. ಹೋದ ಮರಿ ಮರಳುವುದಿಲ್ಲ. ಕೂರು."

ಸೊಂಡಿಲಿ ಅಳುತ್ತಲೇ ಕೂತಿತು. ದಿನವೂ ಬಂದು ಕೂತಿತು. ಈಗ ಅದು ಬಿಲದ ಬಾಯಲ್ಲಿ ನಿಂತು, ಉಸಿರು ತಿಳಿಯಾಗುವವರೆಗೆ ಕಾದು, ಮೆಲ್ಲನೆ ಒಳಗೆ ಕಾಲಿಡುತ್ತದೆ. ಆದರೂ ತಾಯಿ ಬಂದಳೆಂದರೆ ಉಳಿದ ಮರಿಗಳು ನಡುಗುತ್ತ ಮೂಲೆಗೆ ಸರಿಯುತ್ತವೆ.