ಮೇಣ ತುಂಬಿದ ಪಾದ

ಕೊಳ್ಳೇಗಾಲದ ಆಚೆ, ಗುಡ್ಡದ ಬುಡದಲ್ಲಿ, ಕುಷ್ಠರೋಗಿಗಳಿಗಾಗಿ ಕಟ್ಟಿದ ಕರುಣಾಪುರವೆಂಬ ಪುಟ್ಟ ಊರಿತ್ತು. ಅಲ್ಲಿಗೆ ಸೇವೆಗೆಂದು ಬಂದ ಕ್ರೈಸ್ತ ಗುರು ವಂದನೀಯ ಇನ್ನಾಸಯ್ಯ ಸ್ವಾಮಿಗಳನ್ನು ಕಾಣಬೇಕಾದವರು ದೇವಾಲಯಕ್ಕೆ ಹೋಗುತ್ತಿರಲಿಲ್ಲ. ಆಸ್ಪತ್ರೆಯ ಜಗಲಿಗೆ ಹೋಗುತ್ತಿದ್ದರು. ಬೆಳಗಿನ ಬಲಿಪೂಜೆ ಮುಗಿಯುತ್ತಲೇ ಸ್ವಾಮಿಗಳು ನಿಲುವಂಗಿಯ ತೋಳು ಮಡಚಿ ಮಣೆಯ ಮೇಲೆ ಕೂರುತ್ತಿದ್ದರು. ಒಬ್ಬೊಬ್ಬರ ಪಾದವನ್ನೂ ನೆನೆಸಿ, ತೊಳೆದು, ಎಣ್ಣೆ ಸವರಿ, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಸ್ಪರ್ಶವೇ ಸತ್ತ ಅಂಗಾಲಿನ ಹುಣ್ಣಿಗಾದರೋ ಇನ್ನೊಬ್ಬರ ಕಣ್ಣೂ ಬೇಕು, ಕೈಯೂ ಬೇಕು. ಬಿಷಪರ ಕಡೆಯಿಂದ ಬಂದ ಗುರುಗಳೊಬ್ಬರು, "ಇಷ್ಟು ಕೆಲಸದ ನಡುವೆ ಪ್ರಾರ್ಥನೆ ಯಾವಾಗ?" ಎಂದು ಕೇಳಿದಾಗ, "ಇದು ಮತ್ತಿನ್ನೇನು?" ಎಂದವರೇ ಮುಂದಿನವರ ಕಾಲಿಗೆ ಕೈ ಚಾಚಿದರಂತೆ.

ಆ ಊರಿನ ಹೊಲ ಉಳುತ್ತಿದ್ದವನು ಸವರಪ್ಪ. ರೋಗ ಬಿಟ್ಟಿದ್ದರೂ ಅವನ ಕಾಲಿಗೆ ಸ್ಪರ್ಶ ಮರಳಿರಲಿಲ್ಲ. ಹುಟ್ಟಿದ ಮನೆಯವರು ಮೊದಲು ಅವನ ತಟ್ಟೆ ಲೋಟ ಬೇರೆ ಇಟ್ಟರು, ಆಮೇಲೆ ಅವನನ್ನೇ ಹೊರಗಿಟ್ಟರು. ಇಲ್ಲಿ ಸ್ವಾಮಿಗಳು ಒಂದು ಜೊತೆ ಎತ್ತಿನ ಹಗ್ಗ ಕೈಗಿಟ್ಟ ದಿನ ಅವನಿಗೆ ತಾನೂ ಮನುಷ್ಯನೆಂಬ ಧೈರ್ಯ ಬಂತು. ದೇವರ ಮೇಲಿನ ಮುನಿಸು ಮಾತ್ರ ಹಾಗೇ ಉಳಿಯಿತು. ಪೂಜೆಗೆ ಬರುತ್ತಿದ್ದ, ತುಟಿ ಅಲ್ಲಾಡಿಸುತ್ತಿರಲಿಲ್ಲ. "ನನ್ ಕಾಲಿಗೆ ಮುಳ್ಳು ಚುಚ್ಚುದ್ರೆ ನಂಗೇ ಗೊತ್ತಾಗಲ್ಲ. ನಾ ಕೂಗಿದ್ದು ಅವನಿಗೆ ಗೊತ್ತಾಯ್ತದಾ?" ಎನ್ನುತ್ತಿದ್ದ.

ಆ ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ, ಜಾಲಿಮುಳ್ಳು ನಿಜವಾಗಿಯೂ ಚುಚ್ಚಿ, ಅಂಗಾಲಿನಲ್ಲಿ ಹುಣ್ಣಾಗಿ ಕುಳಿ ಬಿತ್ತು. ಸ್ವಾಮಿಗಳ ಕಣ್ಣಿಗೆ ಬಿದ್ದರೆ ಪ್ಲಾಸ್ಟರ್ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಾರೆ, ಎತ್ತುಗಳು ಬೇರೆಯವರ ಪಾಲಾಗುತ್ತವೆ. ಕಾಲು ಹೋದರೂ ಚಿಂತೆಯಿಲ್ಲ, ಎತ್ತು ಹೋಗಬಾರದು ಎಂದುಕೊಂಡ ಆ ಪುಣ್ಯಾತ್ಮ. ಉಳುಮೆಯ ನೆಪ ಹೇಳಿ ಜಗಲಿಯ ಕಡೆ ಸುಳಿಯುವುದನ್ನೇ ಬಿಟ್ಟ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಪವಿತ್ರ ಗುರುವಾರದಂದು, ಯೇಸುಸ್ವಾಮಿ ಶಿಷ್ಯರಿಗೆ ಮಾಡಿದಂತೆ, ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವ ಪದ್ಧತಿಯಿದೆಯಷ್ಟೆ. ಊರಿನಲ್ಲಿ ಧರ್ಮಪಾಠ ಹೇಳುವ ಉಪದೇಶಿ ಈ ಸಲ ಸವರಪ್ಪನ ಹೆಸರನ್ನೂ ಸೇರಿಸಿಬಿಟ್ಟರು. ಒಲ್ಲೆ ಎಂದರೆ ಅನುಮಾನ. ಗುರುಗಳ ಕೈಗೆ ಕೊಳಕು ಕಾಲು ಕೊಡುವುದುಂಟೇ ಎಂದು ಎಲ್ಲರೂ ಮನೆಯಲ್ಲೇ ತಿಕ್ಕಿ ತೊಳೆದುಕೊಂಡು ಬರುವುದು ರೂಢಿ. ಸವರಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮೋಂಬತ್ತಿಯ ತುಂಡು ಕರಗಿಸಿ ಹುಣ್ಣಿನ ಕುಳಿಗೆ ಸುರಿದು, ಬಡಗಿ ಹಲಗೆಯ ಬಿರುಕು ಮುಚ್ಚುವಷ್ಟು ನಯವಾಗಿ ತೀಡಿದ. ಸುಡುವ ಮೇಣ ಹಸಿ ಹುಣ್ಣಿಗೆ ಬಿದ್ದರೂ ಅವನಿಗೆ ಏನೂ ಅನ್ನಿಸಲಿಲ್ಲ.

ಬೇರೆ ದೇವಾಲಯಗಳಲ್ಲಿ ಪಾದಕ್ಕೆ ಒಂದಿಷ್ಟು ನೀರು ಹನಿಸಿ, ಒರೆಸಿ, ಮುಂದೆ ಹೋಗುವುದುಂಟು. ಸ್ವಾಮಿಗಳ ಕೈಗೆ ತೊಳೆಯುವ ರೀತಿ ಒಂದೇ ಗೊತ್ತು. ಪೂಜಾವಸ್ತ್ರದಲ್ಲಿ ನೆಲಕ್ಕೆ ಮಂಡಿಯೂರಿದವರು, ಜಗಲಿಯಲ್ಲಿ ಮಾಡುವಂತೆಯೇ ಸವರಪ್ಪನ ಅಂಗಾಲನ್ನು ತಿರುಗಿಸಿ ಹೆಬ್ಬೆರಳಿನಿಂದ ಒತ್ತಿದರು. ಮೇಣದ ಬಿಲ್ಲೆ ಕಳಚಿ ತಟ್ಟೆಗೆ ಬಿತ್ತು. ಹಿಂದೆಯೇ ಕೀವು ಒಸರಿತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು.

ಸ್ವಾಮಿಗಳು ತಲೆಯೆತ್ತಿ ಅವನ ಮುಖ ನೋಡಿದರು. ಬೈದಿದ್ದರೆ ಸವರಪ್ಪ ತಡೆದುಕೊಳ್ಳುತ್ತಿದ್ದ, ಬೈಸಿಕೊಂಡೇ ಬೆಳೆದವನು. ಆ ಕಣ್ಣಲ್ಲಿ ನೀರು ಕಂಡು ಅವನ ಬಿಗುಮಾನ ಮುರಿಯಿತು.

"ಎತ್ತು ಹೊಂಟೋಯ್ತವೆ, ಸ್ವಾಮ್ಯೋರೆ," ಎಂದು ಪಿಸುಗುಟ್ಟಿದ.

"ನೀ ಏಳೋಗಂಟ ನೇಗಿಲು ನಾನೇ ಹೊಡೀತೀನಿ. ಕಾಲು ಕೊಡು," ಎಂದರು ಸ್ವಾಮಿಗಳು.

ಔಷಧಿ ಪೆಟ್ಟಿಗೆಯನ್ನು ಬಲಿಪೀಠದ ಮುಂದಕ್ಕೇ ತರಿಸಿದರು. ಉಳಿದ ಮೇಣವನ್ನು ಬಿಡಿಸಿ, ಹುಣ್ಣು ತೊಳೆದು, ಕಟ್ಟು ಕಟ್ಟಿ, ಆ ಪಾದಕ್ಕೆ ಮುತ್ತಿಟ್ಟು, ಮುಂದಿನವರ ಬಳಿಗೆ ಸರಿದರು. ಪೂಜೆ ತಡವಾಯಿತೆಂದು ಆ ದಿನ ಯಾರೂ ಗೊಣಗಲಿಲ್ಲ.

ಪುನರುತ್ಥಾನದ ಹಬ್ಬ ಮುಗಿದ ಮೇಲೆ ಸ್ವಾಮಿಗಳು ಕೊಟ್ಟ ಮಾತಿನಂತೆ ಹೊಲಕ್ಕಿಳಿದರು. ಮೇಷ್ಟ್ರ ಮಗನಾಗಿ ಹುಟ್ಟಿ ನೇಗಿಲು ಮುಟ್ಟಿದವರೇ ಅಲ್ಲ. ಅವರು ಹೊಡೆದ ಸಾಲು ಹಾವು ಹರಿದ ಹಾಗೆ ಕಾಣುತ್ತಿತ್ತು. ಪ್ಲಾಸ್ಟರಿನ ಕಾಲು ಚಾಚಿ, ಹೊಲಕ್ಕೆ ಎದುರಾದ ಆಸ್ಪತ್ರೆಯ ಕಿಟಕಿಯಲ್ಲಿ ಕೂತ ಸವರಪ್ಪನಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. "ಮೇಳಿ ಒತ್ತಿ ಹಿಡೀರಿ, ಸ್ವಾಮ್ಯೋರೆ," ಎಂದು ಕೂಗುತ್ತಿದ್ದ. "ಆಯ್ತಪ್ಪ," ಎಂದು ಸ್ವಾಮಿಗಳು ನೇಗಿಲ ಹಿಡಿಯನ್ನು ವಿನಯದಿಂದ ಒತ್ತಿ ಹಿಡಿಯುತ್ತಿದ್ದರು.

ಒಂದು ಬೆಳಗ್ಗೆ ನೇಗಿಲ ಗುಳ ಕಲ್ಲಿಗೆ ಸಿಕ್ಕಿ ನಿಂತಿತು. ಅದನ್ನು ಬಿಡಿಸಲು ಸ್ವಾಮಿಗಳು ಬಲಗಡೆಯ ಎತ್ತಿನ ಹಿಂಗಾಲಿನ ಬಳಿಯೇ ಬಗ್ಗಿದರು. ಹೊಸಬರನ್ನು ಕಂಡರೆ ಒದೆಯುವ ಎತ್ತು ಅದು. ಕಿವಿ ಹಿಂದಕ್ಕೆ ಮಡಚಿ ಕಾಲೆತ್ತಿತು. ಸವರಪ್ಪ ಕೂಗಿದರೆ ಎತ್ತು ಬೆದರೀತು, ಓಡಲು ಕಾಲಿರಲಿಲ್ಲ. ಕೈಗಳು ತಾವಾಗಿಯೇ ಜೋಡಿಕೊಂಡವು.

"ಯೇಸಪ್ಪಾ, ಅದು ಅವರ್ನ ಒದೀದಂಗೆ ನೋಡ್ಕೊ."

ಎಷ್ಟೋ ವರ್ಷಗಳ ಮೇಲೆ ಅವನು ದೇವರೊಡನೆ ಆಡಿದ ಮೊದಲ ಮಾತು ಅದು, ತನಗಾಗಿ ಬೇಡಿದ್ದಲ್ಲ. ಎತ್ತು ಕಾಲನ್ನು ಮೆಲ್ಲಗೆ ಕೆಳಗಿಟ್ಟಿತು. ಸ್ವಾಮಿಗಳು ಕಲ್ಲನ್ನು ಬದಿಗೆ ಎಸೆದು, ಏನೂ ಅರಿಯದೆ ಸಾಲು ಮುಂದುವರಿಸಿದರು. ಸವರಪ್ಪನ ಕೈಗಳು ಮಾತ್ರ ಬಹಳ ಹೊತ್ತು ಜೋಡಿಸಿದಂತೆಯೇ ಇದ್ದವು.