ಒಂಟೆಗೆ ಹುಲ್ಲು ಒಯ್ದ ತಟ್ಟೆ

ನದಿ ಹೋಗಿ ಸಮುದ್ರ ಸೇರುವ ಕಡೆ ಒಂದು ಊರಿತ್ತಂತೆ. ಊರೆಂದರೆ ಎಷ್ಟು ದೊಡ್ಡದು? ಹನ್ನೆರಡು ಮನೆ, ಒಂದು ಇಗರ್ಜಿ, ಒಂದು ದೋಣಿ ಕಟ್ಟುವ ಜಾಗ, ಅಷ್ಟೇ.

ಆ ಊರಿಗೆ ಒಂದು ಕಟ್ಟಳೆ. ಕ್ರಿಸ್ಮಸ್ಸಿಗೆ ಮನೆಯಿಂದ ಮನೆಗೆ ತಿಂಡಿಯ ತಟ್ಟೆ ಹೋಗಬೇಕು. ಅದಕ್ಕೆ ಕುಸ್ವಾರ್ ಅಂತ ಹೆಸರು. ನೆವ್ರಿ, ಎಳ್ಳುಂಡೆ, ಚಕ್ಕುಲಿ ಎಲ್ಲ ಜೋಡಿಸಿ, ಮೇಲೆ ಕೈಯಲ್ಲಿ ಹೆಣೆದ ಬಿಳಿ ಬಟ್ಟೆ ಮುಚ್ಚಿ ಕಳಿಸಬೇಕು. ತಟ್ಟೆ ಬಂದ ಮನೆಯವರು ಅದನ್ನು ಖಾಲಿ ವಾಪಸು ಕೊಡಕೂಡದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಖಾಲಿ ತಟ್ಟೆ ಕೊಟ್ಟ ಮನೆಗೆ ಹೆಣ್ಣು ಕೊಡುವವರೇ ಇರಲಿಲ್ಲವಂತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಊರಲ್ಲಿ ದುಲ್ಸಿನ್ ಬಾಯಿ ಎಂಬ ಹೆಂಗಸು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸಬೀನ, ಹನ್ನೆರಡು ವರ್ಷ. ಚಿಕ್ಕವಳು ಕಾರ್ಮಿ, ಆರು ವರ್ಷ. ಗಂಡ ಹಡಗಿನಲ್ಲಿ ಅಡುಗೆಯವನು. ಮಳೆಗಾಲದಲ್ಲಿ ಹಡಗು ದಡಕ್ಕೆ ಬಂದಾಗ ಮಾತ್ರ ಮನೆಗೆ ಬರುತ್ತಿದ್ದ. ಕ್ರಿಸ್ಮಸ್ಸಿಗೆ ಅವನು ಮನೆಯಲ್ಲಿದ್ದದ್ದೇ ಇಲ್ಲ. ಆದರೆ ಬಂದರುಗಳಲ್ಲಿ ಕೇಳಿದ ಕತೆಗಳನ್ನು ಹೆಂಡತಿಗೆ ಹೇಳಿ ಹೋಗುತ್ತಿದ್ದನಂತೆ.

ಬೇಲಿಯಾಚೆ ನಲವತ್ತು ಹೆಜ್ಜೆ ದೂರದಲ್ಲಿ ದುಲ್ಸಿನಳ ಒಡಹುಟ್ಟಿದ ತಮ್ಮ ಇನಾಸನ ಮನೆ. ಇನಾಸ ಒಂಟಿ ಗಂಡಸು. ಅಕ್ಕ ತಮ್ಮ ಮಾತಾಡಿ ಏಳು ವರ್ಷವಾಗಿತ್ತು. ಯಾಕೆ ಅಂತೀರಿ? ಅವರ ತಾಯಿ ಹಬ್ಬಕ್ಕೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ನೋಟ, ಕಟ್ಟುತ್ತಿದ್ದ ಮಣ್ಣಿನ ಬೊಂಬೆಗಳಿದ್ದವು. ತಾಯಿ ತೀರಿದ ಮೇಲೆ ಗೋದಲಿ ನನ್ನ ಮನೆಯಲ್ಲೇ ಆಗಬೇಕು ಅಂತ ಇವಳು, ನನ್ನ ಮನೆಯಲ್ಲೇ ಆಗಬೇಕು ಅಂತ ಅವನು. ಇಬ್ಬರೂ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರು. ಬಾಲಯೇಸು, ದನ, ಕತ್ತೆ ಇವಳ ಪಾಲಿಗೆ ಬಂತು. ಮರಿಯಮ್ಮ, ಜೋಸೆಫ, ಮೂವರು ರಾಜರು, ಮೂರು ಒಂಟೆ ಅವನ ಪಾಲಿಗೆ ಹೋಯಿತು. ಅಲ್ಲಿಂದ ಎರಡು ಮನೆಯಲ್ಲೂ ಅರ್ಧರ್ಧ ಗೋದಲಿ. ನಾಚಿಕೆಗೇಡು, ಆದರೆ ಹೇಳುವವರು ಯಾರು?

ಆ ವರ್ಷ ಹಬ್ಬಕ್ಕೆ ಮೂರು ದಿನ ಇರುವಾಗ ದುಲ್ಸಿನ್ ಜಗಲಿಯ ಮೂಲೆಯಲ್ಲಿ ಗೋದಲಿ ಕಟ್ಟಿದಳು. ಕಾರ್ಮಿ ಬಂದು ಬಗ್ಗಿ ನೋಡಿ ಕೇಳಿದಳು, "ಅಮ್ಮಾ, ಈ ಮಗುವಿನ ತಾಯಿ ಎಲ್ಲಿ?"

ದುಲ್ಸಿನ್ ಹಿಟ್ಟು ನಾದುತ್ತಾ ಹೇಳಿದಳು, "ಅದಿರ್ಲಿ. ಉಕ್ರೇನ್ ಅಂತ ಒಂದು ದೇಶ ಉಂಟು, ಅಲ್ಲಿ ಎಂತ ಮಾಡ್ತಾರೆ ಗೊತ್ತುಂಟಾ? ಬಡವಿಯೊಬ್ಬಳ ಮನೆಯ ಕ್ರಿಸ್ಮಸ್ ಮರಕ್ಕೆ ಕಟ್ಟಲಿಕ್ಕೆ ಏನೂ ಇರ್ಲಿಲ್ಲ. ಜೇಡ ಬಂದು ಬಲೆ ಕಟ್ಟಿತು, ಬೆಳಗಾಗುವಾಗ ಬಲೆಯೆಲ್ಲ ಬೆಳ್ಳಿ. ಅದಕ್ಕೇ ಅಲ್ಲಿ ಮರಕ್ಕೆ ಜೇಡರ ಬಲೆ ಮಾಡಿ ಕಟ್ತಾರೆ."

ಮರುದಿನ ದುಲ್ಸಿನ್ ಪೊರಕೆ ಹಿಡಿದು ಗೋದಲಿಯ ಮೇಲೆ ಜೇಡ ಕಟ್ಟಿದ್ದ ಬಲೆ ತೆಗೆಯಲು ಹೋದರೆ ಕಾರ್ಮಿ ಅಡ್ಡ ನಿಂತಳು. ಬಲೆ ಅಲ್ಲೇ ಉಳಿಯಿತು.

ಎರಡನೇ ಸಂಜೆ ಮತ್ತೆ ಅದೇ. "ಅಮ್ಮಾ, ಈ ಮಗುವಿನ ತಾಯಿ ಎಲ್ಲಿ?"

"ಅದಿರ್ಲಿ. ಪೋಲೆಂಡ್ ಅಂತ ಒಂದು ದೇಶ. ಅಲ್ಲಿ ಹಬ್ಬದ ಮುನ್ನಾದಿನ ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆಯೇ ಊಟ. ಇದ್ದವರಿಗಿಂತ ಒಂದು ತಟ್ಟೆ ಹೆಚ್ಚು ಇಡ್ತಾರೆ. ಯಾರು ಬಂದರೂ ಅವರದ್ದೇ ಅದು, ಯಾಕೆ ಬಂದೆ ಅಂತ ಕೇಳ್ಲಿಕ್ಕಿಲ್ಲ."

"ಹಾಗಾದ್ರೆ ನಾವೂ ಒಂದು ಎಲೆ ಹೆಚ್ಚು ಹಾಕುವ," ಎಂದಳು ಕಾರ್ಮಿ. ದುಲ್ಸಿನ್ ಹೂಂ ಅನ್ನದೆ ವಿಧಿಯಿರಲಿಲ್ಲ.

ಮೂರನೇ ದಿನ, ಹಬ್ಬದ ಮುನ್ನಾದಿನ, ಇಳಿಹೊತ್ತಿಗೆ ಮತ್ತೆ ಅದೇ. "ಅಮ್ಮಾ, ಈ ಮಗುವಿನ ತಾಯಿ ಎಲ್ಲಿ?"

ದುಲ್ಸಿನಳಿಗೆ ಬಾಣಲೆಯ ಬಿಸಿಗಿಂತ ಈ ಪ್ರಶ್ನೆಯ ಬಿಸಿ ಜಾಸ್ತಿಯಾಗಿತ್ತು. "ಅದಿರ್ಲಿ ಮಾರಾಯ್ತಿ. ಸ್ಪೇನ್ ಅಂತ ಒಂದು ದೇಶ. ಹಬ್ಬ ಕಳೆದು ಹನ್ನೆರಡು ದಿನಕ್ಕೆ ಅಲ್ಲಿ ಮೂವರು ರಾಜರು ಬರ್ತಾರೆ. ಮಕ್ಕಳು ತಮ್ಮ ಬೂಟು ಹೊರಗಿಟ್ಟು, ರಾಜರ ಒಂಟೆಗೆ ಅಂತ ಹುಲ್ಲು ಇಡ್ತಾರೆ. ದೂರದಿಂದ ನಡೆದು ಬಂದ ಪ್ರಾಣಿ ಅಲ್ವಾ, ಹಸಿದಿರ್ತದೆ."

ಸಬೀನ ಬಾಯಿ ತಪ್ಪಿ ಹೇಳಿಬಿಟ್ಟಳು, "ನಮ್ಮ ಒಂಟೆಗಳು ಇನಾಸ ಮಾಮನ ಮನೇಲಿ ಉಂಟಲ್ಲ!"

"ನೀನು ಸುಮ್ಮನಿರು," ಅಂತ ದುಲ್ಸಿನ್ ಗದರಿದಳು. ಆದರೆ ಹೊತ್ತು ಮೀರಿತ್ತು. ಕಾರ್ಮಿಯ ಕಣ್ಣು ಅರಳಿತ್ತು.

ಕಾರ್ಮಿಗೆ ಬೂಟಿರಲಿಲ್ಲ, ಆ ಊರಲ್ಲಿ ಯಾರಿಗೂ ಇರಲಿಲ್ಲ. ಅವಳು ಒಂದು ತಟ್ಟೆ ತೆಗೆದುಕೊಂಡಳು. ದನದ ಹಟ್ಟಿಗೆ ಹೋಗಿ ಒಣಹುಲ್ಲು ತುಂಬಿಸಿದಳು. ತಟ್ಟೆ ಅಂದ ಮೇಲೆ ಬಟ್ಟೆ ಮುಚ್ಚಬೇಕಲ್ಲ, ಮುಚ್ಚಿದಳು. ಬೇಲಿ ನುಸುಳಿ ನಲವತ್ತು ಹೆಜ್ಜೆ ನಡೆದು ಇನಾಸನ ಜಗಲಿ ಹತ್ತಿದಳು.

ಇನಾಸ ಬಲೆ ಹೆಣೆಯುತ್ತಾ ಕೂತಿದ್ದ. ಬಿಳಿ ಬಟ್ಟೆ ಮುಚ್ಚಿದ ತಟ್ಟೆ ನೋಡಿದ. ಅಕ್ಕ ಕಳಿಸಿದ ಕುಸ್ವಾರ್! ಏಳು ವರ್ಷದ ಮೇಲೆ! ಕೈ ಒರೆಸಿಕೊಂಡು ಮೆಲ್ಲಗೆ ಬಟ್ಟೆ ಎತ್ತಿದ. ಎತ್ತಿದರೆ ಹುಲ್ಲು!

"ನಿನ್ನಮ್ಮ ನನ್ನನ್ನು ಎಂತ, ಹೋರಿ ಅಂತ ಮಾಡಿದ್ದಾಳಾ?" ಅಂತ ಕೂಗಿದನಂತೆ.

"ನಿನಗಲ್ಲ ಮಾಮಾ, ಒಂಟೆಗೆ," ಎಂದಳು ಕಾರ್ಮಿ. "ಅಮ್ಮನಿಗೆ ಗೊತ್ತಿಲ್ಲ. ಏಳು ವರ್ಷದಿಂದ ಒಂಟೆ ಏನೂ ತಿಂದಿಲ್ಲ, ಅಲ್ವಾ?"

ಇನಾಸನ ಸಿಟ್ಟು ಅಲ್ಲೇ ಇಳಿದುಬಿಟ್ಟಿತು. ಕಾರ್ಮಿ ಒಳಗೆ ಹೋಗಿ ಮೂರು ಒಂಟೆಗೂ ಸಮನಾಗಿ ಹುಲ್ಲು ಹಾಕಿದಳು. ಆಮೇಲೆ ಗೋದಲಿಯನ್ನು ನೋಡಿದಳು. ಮರಿಯಮ್ಮ ಮೊಣಕಾಲೂರಿ ಕೂತಿದ್ದಳು, ಅವಳ ಮುಂದೆ ನೆಲ ಖಾಲಿ.

"ಮಾಮಾ, ಈ ತಾಯಿಯ ಮಗು ಎಲ್ಲಿ?"

ಇನಾಸ ಎಲ್ಲಿಗೂ ಹೋದವನಲ್ಲ. ಮಾತು ಮರೆಸಲು ಅವನ ಹತ್ತಿರ ಬೇರೆ ದೇಶದ ಕತೆ ಒಂದೂ ಇರಲಿಲ್ಲ.

ಕಾರ್ಮಿ ಖಾಲಿ ತಟ್ಟೆ ಎತ್ತಿಕೊಂಡು ಹೊರಟಳು. ಆಗ ಇನಾಸನಿಗೆ ಕಟ್ಟಳೆ ನೆನಪಾಯಿತು. ತಟ್ಟೆ ಖಾಲಿ ಹೋಗಕೂಡದಲ್ಲ! ಅಡುಗೆಮನೆಗೆ ಓಡಿದ. ಅವನು ಬಾಣಲೆ ಒಲೆಗಿಟ್ಟವನಲ್ಲ, ತಿಂಡಿ ಎಲ್ಲಿಂದ ಬರಬೇಕು? ಸಕ್ಕರೆ ಡಬ್ಬಿ ಬಗ್ಗಿಸಿದ, ಎರಡು ಇರುವೆ ಬಿದ್ದವು. ಏನು ಹಾಕುವುದು? ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ ಮರಿಯಮ್ಮನನ್ನು ಎತ್ತಿ ತಟ್ಟೆಯಲ್ಲಿ ಇಟ್ಟ.

ಇಟ್ಟ ಮೇಲೆ ಜೋಸೆಫ ಒಬ್ಬನೇ ಆದ. ಅವನನ್ನೂ ಇಟ್ಟ. ರಾಜರು ಇಲ್ಲಿ ಕೂತು ಯಾರನ್ನು ನೋಡಬೇಕು? ಅವರನ್ನೂ ಇಟ್ಟ. ಒಂಟೆಗಳನ್ನೂ ಇಟ್ಟ. ತಟ್ಟೆ ಈಗ ಆರು ವರ್ಷದ ಮಗು ಹೊರುವಂಥದ್ದಾಗಿ ಉಳಿಯಲಿಲ್ಲ. ಹಾಗಾಗಿ ಇನಾಸನೇ ಹೊತ್ತ.

ಇತ್ತ ದುಲ್ಸಿನ್ ಮಗಳನ್ನು ಕಾಣದೆ ಹಿತ್ತಲೆಲ್ಲ ಹುಡುಕಿ, ಅಂಗಳದಲ್ಲಿ ಕರೆದು ಸೋತು ಜಗಲಿಗೆ ಬಂದಿದ್ದಳು. ಊಟಕ್ಕೆ ನಾಲ್ಕು ಎಲೆ ಹಾಕಿತ್ತು. ಉಣ್ಣುವವರು ಮೂವರು. ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವಾಗ ಬೇಲಿಯ ಹತ್ತಿರ ಹೆಜ್ಜೆ ಸಪ್ಪಳವಾಯಿತು. ಮುಂದೆ ಕಾರ್ಮಿ, ಹಿಂದೆ ತಟ್ಟೆ ಹೊತ್ತ ತಮ್ಮ.

ಇನಾಸ ಜಗಲಿ ಹತ್ತಿ ನಿಂತ. ದುಲ್ಸಿನ್ ತಟ್ಟೆ ನೋಡಿದಳು, ತಮ್ಮನ ಮುಖ ನೋಡಿದಳು. ಏಳು ವರ್ಷದ ಮೇಲೆ ಏನು ಮಾತಾಡುವುದು? ಇನಾಸ ಮೂಲೆಯತ್ತ ನೋಡಿ ಹೇಳಿದ, "ಅಕ್ಕಾ, ಗೋದಲಿ ಮೇಲೆ ಜೇಡರ ಬಲೆ ಉಂಟು."

"ಇರ್ಲಿ ಬಿಡು, ಅದು ಬೇರೆ ದೇಶದ್ದು," ಎಂದಳು ದುಲ್ಸಿನ್. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಲೆ ಹಾಕಿ ಆಗಿದೆ, ಕೂತ್ಕೋ. ಅನ್ನ ಆರ್ತದೆ."

ಯಾಕೆ ಬಂದೆ ಅಂತ ಅವಳು ಕೇಳಲಿಲ್ಲವಂತೆ.

ಕಾರ್ಮಿ ಮಾತ್ರ ಕೂಡಲೇ ಊಟಕ್ಕೆ ಬರಲಿಲ್ಲ. ತಾಯಿಬೊಂಬೆಯನ್ನು ಮಗುವಿನ ಪಕ್ಕದಲ್ಲಿ ಕೂರಿಸಿ, ಸರಿಯಾಯಿತೋ ಇಲ್ಲವೋ ಅಂತ ಎರಡು ಸಲ ನೋಡಿ, ಆಮೇಲೆ ಬಂದಳು.

ಮಗು ತಾಯಿಯ ಹತ್ತಿರ ಸೇರಿತು, ತಮ್ಮ ಅಕ್ಕನ ಎಲೆಗೆ ಬಂದ, ಕತೆ ನಿಮ್ಮ ಮನೆಗೆ ಬಂತು. ನನ್ನ ತಟ್ಟೆ ನಿಮ್ಮ ಕೈಯಲ್ಲಿದೆ, ಖಾಲಿ ವಾಪಸು ಕೊಡಬೇಡಿ.